ಮರ ಬಿದ್ದಿದೆ ಅಂದ್ರೆ ಎಷ್ಟು ಸ್ಟೋರಿ ಪಾಯಿಂಟ್ (ಕೆಲಸದ ಗಾತ್ರ ಅಂದಾಜಿಸೋ ಅಂಕ)?

ಕಕ್ಕಡ ತಿಂಗಳ ಮಳೆಯಲ್ಲಿ ಕೊಡಗಿನ ವಿರಾಜಪೇಟೆ ಕಡೆ ಕರೆಂಟ್ ಇರೋದೇ ಅಪರೂಪ. ಇನ್ವರ್ಟರ್ ಕುಂಯ್ ಅನ್ನುವಷ್ಟರಲ್ಲಿ ಕಿಟಕಿ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತಿರುತ್ತೇನೆ. ಡೈಲಿ ಸ್ಟ್ಯಾಂಡಪ್, ಅಂದ್ರೆ ಸಾಫ್ಟ್‌ವೇರ್ ಟೀಮಿನ ದಿನದ ಕಿರು ಮೀಟಿಂಗ್ ಅಲ್ವಾ!

ನಮ್ಮ ಟೀಮ್ ಕೆಲಸ ಮಾಡೋ ಪದ್ಧತಿ ಸ್ಕ್ರಮ್; ಅದರ ನಿಯಮ ಹೇಳೋ ಸ್ಕ್ರಮ್ ಗೈಡ್ ಪ್ರಕಾರ ಇದು 15 ನಿಮಿಷದ್ದು. ಡೆವಲಪರ್‌ಗಳು ತಮ್ಮತಮ್ಮಲ್ಲೇ ಆ ದಿನದ ಕೆಲಸ ಹೊಂದಿಸಿಕೊಳ್ಳೋಕೆ. ನಮ್ಮಲ್ಲಿ ಮುಕ್ಕಾಲು ಗಂಟೆ, ಅದೂ ಮ್ಯಾನೇಜರ್ ಮುಂದೆ ಹಾಜರಿ. ನಿನ್ನೆ ಏನು ಮಾಡಿದ್ರಿ, ಇವತ್ತೇನು, ಅಡ್ಡಿ ಏನು? ಆ ಮೂರು ಪ್ರಶ್ನೆಗಳನ್ನ 2020ರ ಗೈಡ್‌ನಿಂದಲೇ ತೆಗೆದು ಹಾಕಿದ್ದಾರೆ. ನಮ್ಮವರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಮೊನ್ನೆ "ಲೈನ್ ಮೇಲೆ ಸಿಲ್ವರ್ ಓಕ್ ಬಿದ್ದಿದೆ, ಕರೆಂಟ್ ಇಲ್ಲ" ಅಂದೆ. "ಅದಕ್ಕೊಂದು ಟಿಕೆಟ್ (ಕೆಲಸದ ನಮೂದು) ಹಾಕಿ, ಯಾವಾಗ ಕ್ಲೋಸ್ ಆಗುತ್ತೆ ಹೇಳಿ" ಅಂದರು ಮ್ಯಾನೇಜರ್. ಲೈನ್‌ಮ್ಯಾನ್‌ನೇ ಸ್ಟ್ಯಾಂಡಪ್‌ಗೆ ಕರೆಯಬೇಕಿತ್ತೇನೋ.

ತೋಟದ ಮೇಸ್ತ್ರಿ ಕೂಡ ಕಾಫಿ ಕೊಯ್ಲಲ್ಲಿ ಸಂಜೆಗೊಮ್ಮೆ ತೂಕ ಹಾಕುತ್ತಾರೆ. ಗಿಡದ ಹತ್ತಿರ ಬಂದು ಬಂದು ಎಷ್ಟಾಯ್ತು ಅಂತ ಕೇಳಲ್ಲ.

ಇನ್ನು ಮೋಟಿವೇಶನ್. ಎರಡು ದಿನದ ಕೋರ್ಸ್ ಮುಗಿಸಿ, ಟೀಮಿಗೆ ಸ್ಕ್ರಮ್ ಕಲಿಸಿ ನಡೆಸೋ ಸ್ಕ್ರಮ್ ಮಾಸ್ಟರ್ ಆದವರು ಶುಕ್ರವಾರ ಕ್ವಿಜ್ ಆಡಿಸುತ್ತಾರೆ. ಗೆದ್ದವರಿಗೆ ಚಾಟ್‌ನಲ್ಲಿ ಸ್ಟಾರ್ ಸ್ಟಿಕರ್. ಸಾಫ್ಟ್‌ವೇರ್ ಕೆಲಸ ಹೇಗಿರಬೇಕು ಅಂತ ಹೇಳೋ 2001ರ ಅಜೈಲ್ ಮ್ಯಾನಿಫೆಸ್ಟೋ ಜೊತೆಗಿರೋ ತತ್ವಗಳಲ್ಲಿ ಹುಮ್ಮಸ್ಸಿರೋರಿಗೆ ಬೇಕಾದ್ದು ಕೊಡಿ, ನಂಬಿ ಅಂತಿದೆ. ಸ್ಟಿಕರ್ ಮಾತೇ ಇಲ್ಲ. ನನಗೆ ಸ್ಟಾರ್ ಬೇಡ ಮಾರಾಯ್ರೆ, ಇನ್ವರ್ಟರ್‌ಗೆ ಒಂದು ಹೊಸ ಬ್ಯಾಟರಿ ಕೊಡಿಸಿ.