ಎಲ್ಲವೂ ಸುತ್ತುತ್ತಿದೆ, ಗ್ಯಾಸ್ ಒಂದು ಬಿಟ್ಟು

ನಮ್ಮ ಬಡಾವಣೆಯ ಮೂಲೆಯಲ್ಲೊಂದು ಬಯೋಗ್ಯಾಸ್ ಘಟಕವಿದೆ. ಕಾಂಪೌಂಡ್ ಗೋಡೆ ಮೇಲೆ ನಗುವ ಹಸು, ಸುತ್ತ ಒಂದರ ಬಾಲ ಇನ್ನೊಂದು ಹಿಡಿದ ಮೂರು ಹಸಿರು ಬಾಣ. ಕೆಳಗೆ ‘ಚಕ್ರೀಯ ಆರ್ಥಿಕತೆಯತ್ತ ನಮ್ಮ ಹೆಜ್ಜೆ’ ಅನ್ನೋ ಬರಹ. ಅಂದರೆ ಯಾವುದೂ ವ್ಯರ್ಥವಾಗದೆ ಸುತ್ತಿ ಮತ್ತೆ ಬಳಕೆಗೆ ಬರಬೇಕು: ದಿನಕ್ಕೆ 5 ಟನ್ ಹಸಿ ಕಸ ಹಾಕಿದರೆ ಗ್ಯಾಸು, ಗ್ಯಾಸಿನಿಂದ ಕರೆಂಟು, ಕರೆಂಟಿನಿಂದ ಬೀದಿದೀಪ, ಉಳಿದ ಬಗ್ಗಡ ಗಿಡಕ್ಕೆ ಗೊಬ್ಬರ. ಉದ್ಘಾಟನೆ ದಿನ ದೀಪ ಉರಿದಿದ್ದು ನಿಜ. ಬಾಡಿಗೆ ಜನರೇಟರ್ ತರಿಸಿದ್ದರು.

ಹಸಿ ಕಸ ಅಂದರೆ ನಮ್ಮ ಜನರ ಲೆಕ್ಕದಲ್ಲಿ ಒದ್ದೆಯಾಗಿರುವ ಕಸ. ಒದ್ದೆ ಡೈಪರ್ ಕೂಡ ಹಸಿಯೇ ಅಲ್ವಾ? ಹಾಲಿನ ಪ್ಯಾಕೆಟ್ಟು, ಎಳನೀರ ಬುರುಡೆ, ದೇವರ ಹಾರದ ದಾರ ಎಲ್ಲ ಸೇರಿ ಕ್ರಷರ್ ಬಾಯಿಗೆ ಬಿದ್ದವು. ದಾರ ಬ್ಲೇಡಿಗೆ ಸುತ್ತಿಕೊಂಡಿತು. ಅದಕ್ಕೂ ಮೊದಲೇ ಜ್ಯೂಸ್ ಅಂಗಡಿಗಳ ಮೋಸಂಬಿ ಸಿಪ್ಪೆ ಮೂಟೆಗಟ್ಟಲೆ ಹೋಗಿ ಟ್ಯಾಂಕು ಹುಳಿಯಾಗಿತ್ತು. ಮೀಥೇನ್ ಅನ್ನೋ ಉರಿಯುವ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ ಹುಳಿ ಜಾಸ್ತಿಯಾದರೆ ಆಗಿಬರುವುದಿಲ್ಲ. ಪಾಪ, ಸತ್ತವು. ಅವಕ್ಕೊಂದು ಸಂಘವೂ ಇಲ್ಲ, ಧರಣಿ ಕೂರೋಣ ಅಂದರೆ.

ಕಾರಣ ತಿಳಿಯಲು ಒಂದು ತಂಡ ಇಂದೋರಿಗೆ ಹೋಯಿತು. ಅಲ್ಲಿ 2022ರ ಫೆಬ್ರವರಿಯಲ್ಲಿ ಶುರುವಾದ, ದಿನಕ್ಕೆ 550 ಟನ್ ಹಸಿ ಕಸ ನುಂಗುವ ಘಟಕವಿದೆ. ಅದರ ಗ್ಯಾಸಿನಲ್ಲಿ ಸಿಟಿ ಬಸ್ಸುಗಳು ಓಡುತ್ತವೆ. ಅವರ ಗುಟ್ಟು ಇಷ್ಟೇ: ಕಸವನ್ನು ಮನೆಬಾಗಿಲಲ್ಲೇ ಬೇರೆ ಮಾಡುತ್ತಾರೆ. ಇದನ್ನೇ ನಮ್ಮ ಬೀದಿಯ ಪೌರಕಾರ್ಮಿಕ ಅಕ್ಕ ದಿನಾ ಬೆಳಗ್ಗೆ ಆರೂವರೆಗೆ ಗೇಟು ಬಡಿದು ಹೇಳುತ್ತಾರೆ. ಅದೂ ಪುಕ್ಕಟೆ. ವಿಮಾನ ಹತ್ತದೆ ಸಿಕ್ಕ ಜ್ಞಾನಕ್ಕೆ ಬಿಲ್ಲು ಪಾಸಾಗುವುದಿಲ್ಲವಲ್ಲ. ಅಂದ ಹಾಗೆ, ಅಲ್ಲಿನ ಪೋಹಾ–ಜಿಲೇಬಿ ಚೆನ್ನಾಗಿತ್ತಂತೆ.

ನಮ್ಮೂರನ್ನೇ ಸುಮ್ನೆ ಬೈಯೋದು ಯಾಕೆ? ದಿಲ್ಲಿಯವರು 2018ರ ಅಕ್ಟೋಬರಿನಲ್ಲಿ ‘ಸತತ್’ ಅನ್ನೋ ಬಯೋಗ್ಯಾಸ್ ಯೋಜನೆ ತಂದಾಗ, ಕೆಲವೇ ವರ್ಷಗಳಲ್ಲಿ 5,000 ಘಟಕ ಅಂದಿದ್ದರು. 2024 ಮುಗಿದಾಗ ನೂರರ ಆಸುಪಾಸು. ಹೆಸರಿನಲ್ಲಂತೂ ಸತತ.

ಆದರೂ ಚಕ್ರ ನಿಂತಿದೆ ಅನ್ನಬೇಡಿ. ಫೈಲು ಸುತ್ತುತ್ತಿದೆ. ದುರಸ್ತಿ ಟೆಂಡರು ಎರಡನೇ ಸುತ್ತಿಗೆ ಬಂದಿದೆ. ಕಸದ ಲಾರಿ ಘಟಕಕ್ಕೊಂದು ಪ್ರದಕ್ಷಿಣೆ ಹಾಕಿ, ಡೀಸೆಲ್ ಸುಡುತ್ತಾ ಊರಾಚೆಯ ಕಲ್ಲುಕ್ವಾರಿಗೆ ಹೋಗುತ್ತಿದೆ.

ಮೊನ್ನೆ ಒಳಗೆ ಇಣುಕಿದೆ. ಗ್ಯಾಸ್ ಡ್ರಮ್ಮಿನ ಮೇಲೆ ವಾಚ್‌ಮನ್ ಲುಂಗಿ ಒಣಗುತ್ತಿತ್ತು. ಪಕ್ಕದ ಶೆಡ್ಡಿನಲ್ಲಿ ಆತ ಟೀ ಕಾಯಿಸುತ್ತಿದ್ದ. ಸ್ಟವ್ವಿನಲ್ಲಿ ಒಳ್ಳೇ ನೀಲಿ ಉರಿ. ನನಗೋ ಖುಷಿ.

“ಏನಪ್ಪಾ, ಗ್ಯಾಸ್ ಬರ್ತಾ ಇದೆಯಾ?”

“ಬರುತ್ತೆ ಸಾರ್. ಬುಕ್ ಮಾಡಿದ ಮೂರನೇ ದಿನಕ್ಕೆ.”