ಓದಲು ನಲವತ್ತೈದು ಡಾಲರ್: ಮುಕ್ತ ಪ್ರಕಟಣೆಗೆ ಹೊರಗಿನ ನೆರವು ಬೇಕೆ?

ಸಂಶೋಧನಾ ಲೇಖನಗಳನ್ನು ಯಾರು ಬೇಕಾದರೂ ಹಣ ಕೊಡದೆ ಓದುವಂತೆ ಅಂತರ್ಜಾಲದಲ್ಲಿ ತೆರೆದಿಡುವುದಕ್ಕೆ ಮುಕ್ತ ಪ್ರಕಟಣೆ ಅಥವಾ ಓಪನ್ ಆಕ್ಸೆಸ್ ಎನ್ನುತ್ತಾರೆ. ಆಫ್ರಿಕಾ ಮತ್ತು ಏಷ್ಯಾದ ಬಡ ದೇಶಗಳಲ್ಲಿ ಇದನ್ನು ಬೆಳೆಸಲು, ಅಲ್ಲಿನ ಗ್ರಂಥಪಾಲಕರಿಗೆ ತರಬೇತಿ ಕೊಡಲು ಕಾಲು ಶತಮಾನದಿಂದ ಶ್ರೀಮಂತ ದೇಶಗಳ ದತ್ತಿ ಸಂಸ್ಥೆಗಳೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ನೆರವು ಕೊಡುತ್ತಿವೆ. ಈ ನೆರವು ಬೇಕೆ? ನಿವೃತ್ತ ಗ್ರಂಥಪಾಲಕಿಯೊಬ್ಬರು ಬೇಕೆನ್ನುತ್ತಾರೆ, ಜೀವವಿಜ್ಞಾನದ ಅಧ್ಯಾಪಕರೊಬ್ಬರು ಬೇಡವೆನ್ನುತ್ತಾರೆ.

ಪರ: ಡ್ರಾಯರಿನಲ್ಲಿದ್ದ ಪಾಸ್‌ವರ್ಡ್

2014ರಲ್ಲಿ ಎಬೋಲಾ ಪಶ್ಚಿಮ ಆಫ್ರಿಕಾದ ಲೈಬೀರಿಯವನ್ನು ಹೊಕ್ಕಾಗ ಅದು ತಮ್ಮ ನೆಲಕ್ಕೆ ಹೊಸ ರೋಗವೆಂದೇ ಅಲ್ಲಿನವರು ತಿಳಿದಿದ್ದರು. ಆ ಒಂದು ದೇಶದಲ್ಲೇ ಸುಮಾರು 4,800 ಜನ ಸತ್ತರು. ಮರುವರ್ಷ ಅಲ್ಲಿನ ಆರೋಗ್ಯ ಅಧಿಕಾರಿಗಳು ಒಂದು ಹಳೆಯ ಲೇಖನದ ಬಗ್ಗೆ ಪತ್ರಿಕೆಯಲ್ಲಿ ಬರೆದರು. 1982ರಲ್ಲಿ ಯುರೋಪಿನ ವೈರಾಣು ವಿಜ್ಞಾನದ ಜರ್ನಲ್ ಒಂದರಲ್ಲಿ ಅಚ್ಚಾಗಿದ್ದ ಲೇಖನ ಅದು. ಲೈಬೀರಿಯವನ್ನೂ ಎಬೋಲಾ ನೆಲೆಸಿರುವ ಪ್ರದೇಶಗಳ ಪಟ್ಟಿಗೆ ಸೇರಿಸಬೇಕು, ಅಲ್ಲಿನ ಆಸ್ಪತ್ರೆ ಸಿಬ್ಬಂದಿ ಸಿದ್ಧರಿರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಎಚ್ಚರಿಕೆ ತಲುಪಬೇಕಾದವರನ್ನು ತಲುಪಲೇ ಇಲ್ಲ. ಅಂಥ ಒಂದು ಲೇಖನ ಇಳಿಸಿಕೊಳ್ಳಲು ತೆರಬೇಕಾದ ಹಣ 45 ಡಾಲರ್. ಅದು ಅಲ್ಲಿನ ವೈದ್ಯರೊಬ್ಬರ ಅರ್ಧ ವಾರದ ಸಂಬಳವೆಂದು ಆ ಅಧಿಕಾರಿಗಳೇ ಲೆಕ್ಕ ಕೊಟ್ಟಿದ್ದರು.

ಇದನ್ನು ಬರೀ ಬೆಲೆಯ ಕಥೆಯಾಗಿ ಹೇಳುವವರೇ ಹೆಚ್ಚು. ಮೂವತ್ತು ವರ್ಷ ಗ್ರಂಥಾಲಯದ ಕೌಂಟರಿನ ಹಿಂದೆ ಕುಳಿತ ನನಗೆ ಇನ್ನೊಂದು ಕೊರತೆಯೂ ಕಾಣುತ್ತದೆ. ಲೇಖನ ಪುಕ್ಕಟೆ ಸಿಗುತ್ತಿದ್ದರೂ ಅಂಥದ್ದೊಂದು ಇದೆಯೆಂದು ತಿಳಿದು, ಹುಡುಕಿ ತೆಗೆದು, ವೈದ್ಯರ ಮುಂದಿಡುವ ಒಬ್ಬರು ಬೇಕಿತ್ತು. ಅಂಥವರನ್ನು ತಯಾರು ಮಾಡದೆ ಲೇಖನಗಳನ್ನು ಮಾತ್ರ ತೆರೆದಿಟ್ಟರೆ ಹಲ್ಲಿಲ್ಲದವರ ಮುಂದೆ ಕಡಲೆ ಸುರಿದಂತೆ. ಹಾಗಾಗಿ ಮುಕ್ತ ಪ್ರಕಟಣೆಗೆ ಕೊಡುವ ಹಣವನ್ನೂ ಗ್ರಂಥಪಾಲಕರ ತರಬೇತಿಗೆ ಕೊಡುವ ಹಣವನ್ನೂ ನಾನು ಒಂದೇ ಖಾತೆಗೆ ಬರೆಯುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆ 2002ರ ಜನವರಿಯಲ್ಲಿ ಆರು ದೊಡ್ಡ ಪ್ರಕಾಶಕರನ್ನು ಕಟ್ಟಿಕೊಂಡು ಹಿನಾರಿ ಎಂಬ ಯೋಜನೆ ಆರಂಭಿಸಿತು. ಅತಿ ಬಡ ದೇಶಗಳ ವೈದ್ಯಕೀಯ ಸಂಸ್ಥೆಗಳಿಗೆ ಜರ್ನಲ್‌ಗಳು ಉಚಿತ, ಸ್ವಲ್ಪ ಮೇಲಿನ ದೇಶಗಳಿಗೆ ಅಲ್ಪ ಶುಲ್ಕ. ಮರುವರ್ಷ ಕೃಷಿ ವಿಷಯಗಳಿಗೆ ಅಗೋರಾ ಬಂತು. ಭಾರತ ಈ ಯೋಜನೆಗಳ ಫಲಾನುಭವಿ ಅಲ್ಲ, ನೇಪಾಳ ಹೌದು. ಬೆಂಗಳೂರಿನ ಒಂದು ಕಾರ್ಯಾಗಾರದಲ್ಲಿ ನನ್ನ ಪಕ್ಕದ ಕಂಪ್ಯೂಟರಿಗೆ ನೇಪಾಳದ ಒಬ್ಬ ಗ್ರಂಥಪಾಲಕಿ ಬಂದು ಕುಳಿತಿದ್ದರು. ಅವರ ಕಾಲೇಜಿಗೆ ಹಿನಾರಿಯ ಪಾಸ್‌ವರ್ಡ್ ಬಂದು ಎರಡು ವರ್ಷವಾಗಿತ್ತಂತೆ. ಅದು ಪ್ರಾಂಶುಪಾಲರ ಮೇಜಿನ ಡ್ರಾಯರಿನಲ್ಲಿ ಲಕೋಟೆಯ ಸಮೇತ ಭದ್ರವಾಗಿತ್ತು. ಹತ್ತು ಜನರ ಕೈಗೆ ಹೋದರೆ ಕೆಟ್ಟುಹೋದೀತೆಂಬ ಭಯ! ಅದನ್ನು ಇಡೀ ಕಾಲೇಜು ಬಳಸಲೆಂದೇ ಕೊಟ್ಟಿದ್ದಾರೆ ಎಂಬುದು ಅವರಿಗೆ ತಿಳಿದದ್ದು ತರಬೇತಿಗೆ ಬಂದ ಮೇಲೆ.

ಆ ಐದು ದಿನ ನಾವು ಮಾಡಿದ ಕೆಲಸವನ್ನು ಹೊರಗಿನವರಿಗೆ ಹೇಳಿದರೆ ಆಕಳಿಸುತ್ತಾರೆ. ಡಿಸ್ಪೇಸ್ ಎಂಬ ಉಚಿತ ತಂತ್ರಾಂಶವನ್ನು ಹಳೆಯ ಕಂಪ್ಯೂಟರಿಗೆ ಹಾಕಿ ಕಾಲೇಜಿನವರ ಲೇಖನಗಳನ್ನು ಯಾರು ಬೇಕಾದರೂ ಓದುವಂತೆ ಇಡುವ ಲೇಖನ ಭಂಡಾರ ಕಟ್ಟುವುದು, ಪ್ರತಿ ಲೇಖನಕ್ಕೂ ಹುಡುಕುವವರ ಕಣ್ಣಿಗೆ ಬೀಳುವಂತೆ ವಿವರ ತುಂಬುವುದು. ಒಬ್ಬರೇ ಲೇಖಕರ ಹೆಸರನ್ನು ಮೂರು ರೀತಿ ಬರೆದರೆ ಕಂಪ್ಯೂಟರಿಗೆ ಅವರು ಮೂವರಾಗುತ್ತಾರೆ; ಇನಿಷಿಯಲ್ ಮುಂದಿಟ್ಟು ಬರೆಯುವ ನಮ್ಮ ಕಡೆಯ ಹೆಸರುಗಳ ಪಾಡಂತೂ ಕೇಳಬೇಡಿ. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಹಕ್ಕುಸ್ವಾಮ್ಯದ ಪಾಠ. ಅಧ್ಯಾಪಕರನ್ನು ಲೇಖನ ಕೊಡಿ ಎಂದರೆ ಮೊದಲು ಬರುವ ಪ್ರಶ್ನೆ, ‘ಪ್ರಕಾಶಕರು ಕೇಸು ಹಾಕುವುದಿಲ್ಲವೇ?’ ಜರ್ನಲ್ಲಿನ ವಿನ್ಯಾಸದಲ್ಲಿ ಅಚ್ಚಾದ ಪುಟವನ್ನು ಇಡಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ಆದರೆ ತಜ್ಞರ ಪರಿಶೀಲನೆ ಮುಗಿದು ಒಪ್ಪಿಗೆಯಾದ ಹಸ್ತಪ್ರತಿಯನ್ನು ತಮ್ಮ ಸಂಸ್ಥೆಯ ಭಂಡಾರದಲ್ಲಿ ಇಡಲು ಬಹಳಷ್ಟು ಪ್ರಕಾಶಕರು ಬಿಡುತ್ತಾರೆ, ಕೆಲವರು ಒಂದಷ್ಟು ತಿಂಗಳು ಕಾಯಿಸಿ ಬಿಡುತ್ತಾರೆ. ಇಷ್ಟೇ ವಿಷಯ. ಇದನ್ನು ತಿಳಿದ ಒಬ್ಬ ಗ್ರಂಥಪಾಲಕ ಒಂದು ಕಾಲೇಜಿನಲ್ಲಿದ್ದರೆ ಆ ಕಾಲೇಜಿನ ಬರಹ ಯಾರಿಗೂ ಒಂದು ಪೈಸೆ ತೆರದೆ ಜಗತ್ತಿಗೆ ತೆರೆದುಕೊಳ್ಳುತ್ತದೆ.

ಈ ವಿದ್ಯೆಯಲ್ಲಿ ಬೆಂಗಳೂರು ಹಿಂದೆ ಬಿದ್ದದ್ದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಲೇಖನ ಭಂಡಾರ ದೇಶದಲ್ಲೇ ಮೊದಲನೆಯದು, 2002ರದ್ದು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಇಲ್ಲಿ ಕಟ್ಟಿದ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವೂ ಡಿಸ್ಪೇಸ್ ಕಲಿಸಿದೆ. 2006ರ ನವೆಂಬರ್‌ನಲ್ಲಿ ಭಾರತ, ಚೀನಾ, ಬ್ರೆಜಿಲ್, ದಕ್ಷಿಣ ಆಫ್ರಿಕಾಗಳ ತಜ್ಞರು ಅದೇ ವಿಜ್ಞಾನ ಸಂಸ್ಥೆಯಲ್ಲಿ ಸೇರಿ, ಅಭಿವೃದ್ಧಿಶೀಲ ದೇಶಗಳಿಗೆ ಮಾದರಿಯಾಗಬಲ್ಲ ಮುಕ್ತ ಪ್ರಕಟಣಾ ನೀತಿಯೊಂದನ್ನು ಬರೆದರು. ಸರ್ಕಾರದ ಹಣದಿಂದ ನಡೆದ ಸಂಶೋಧನೆಯ ಲೇಖನವನ್ನು ಭಂಡಾರದಲ್ಲಿ ಇಡಲೇಬೇಕು ಎಂಬುದು ಅದರ ತಿರುಳು.

ನೆರವು ನಿಂತ ದಿನ ಕೆಲಸವೂ ನಿಲ್ಲುತ್ತದೆ ಎನ್ನುವವರಿಗೆ ಆಫ್ರಿಕನ್ ಜರ್ನಲ್ಸ್ ಆನ್‌ಲೈನ್ ತೋರಿಸುತ್ತೇನೆ. ಆಫ್ರಿಕಾದ ಜರ್ನಲ್‌ಗಳು ಹೊರಗಿನವರ ಕಣ್ಣಿಗೆ ಬೀಳಲೆಂದು ಬ್ರಿಟನ್ನಿನ ಐನಾಸ್ಪ್ ಎಂಬ ಸಂಸ್ಥೆ 1998ರಲ್ಲಿ ಇದನ್ನು ಶುರುಮಾಡಿತು. 2005ರಲ್ಲಿ ಅದನ್ನು ದಕ್ಷಿಣ ಆಫ್ರಿಕಾಕ್ಕೆ ಒಪ್ಪಿಸಿತು. ಇಂದಿಗೂ ಅಲ್ಲಿಂದಲೇ ನಡೆಯುತ್ತಿದೆ. ನೇಪಾಳಕ್ಕೂ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಇಂಥದ್ದೇ ತಾಣಗಳು ಅದೇ ಸಂಸ್ಥೆಯ ಆಸರೆಯಲ್ಲಿ ಹುಟ್ಟಿದವು.

ಮುಕ್ತ ಪ್ರಕಟಣೆಯ ಹೆಸರಿನಲ್ಲಿ ದುಡ್ಡು ಕಿತ್ತು ಏನನ್ನಾದರೂ ಅಚ್ಚು ಹಾಕುವ ಖೋಟಾ ಜರ್ನಲ್‌ಗಳ ಹಾವಳಿಯನ್ನು ನಾನು ಮುಚ್ಚಿಡುವುದಿಲ್ಲ. 2013ರಲ್ಲಿ ಒಬ್ಬ ವಿಜ್ಞಾನ ಪತ್ರಕರ್ತರು ಬೇಕೆಂದೇ ತಪ್ಪು ತುಂಬಿದ ಲೇಖನವನ್ನು 304 ಮುಕ್ತ ಜರ್ನಲ್‌ಗಳಿಗೆ ಕಳುಹಿಸಿದರು; 157 ಜರ್ನಲ್‌ಗಳು ಒಪ್ಪಿಕೊಂಡವು. ಅಂಥ ಜರ್ನಲ್‌ಗಳ ದೊಡ್ಡ ನೆಲೆಗಳಲ್ಲಿ ನಮ್ಮ ದೇಶವೂ ಒಂದಾಗಿತ್ತು. ಆದರೆ ಹಣ ಕಟ್ಟುವ ಮುಂಚೆ ಸಂಶೋಧನಾ ವಿದ್ಯಾರ್ಥಿ ಬಂದು ‘ಮೇಡಂ, ಇದು ನಿಜವಾದ ಜರ್ನಲ್ಲೇ?’ ಎಂದು ಕೇಳಬೇಕಾದದ್ದು ಯಾರನ್ನು? ಆ ಕುರ್ಚಿಯಲ್ಲಿ ಕುಳಿತವರಿಗೆ ಸಂಪಾದಕ ಮಂಡಳಿಯ ವಿಳಾಸ ತಡಕಲು, ಒಳ್ಳೆಯ ಮುಕ್ತ ಜರ್ನಲ್‌ಗಳ ಸೂಚಿಯಲ್ಲಿ ಹೆಸರು ನೋಡಲು ಬರಬೇಕು.

ನೇಪಾಳದ ಆ ಗೆಳತಿ ಊರಿಗೆ ಹೋದ ಮೇಲೆ ಒಂದು ಇಮೇಲ್ ಬರೆದರು. ಪಾಸ್‌ವರ್ಡನ್ನು ದೊಡ್ಡ ಅಕ್ಷರದಲ್ಲಿ ಬರೆದು ಓದುವ ಕೋಣೆಯಲ್ಲಿ ಅಂಟಿಸಿದ್ದರಂತೆ. ಹಾಗೆ ಗೋಡೆಗೆ ಅಂಟಿಸುವುದು ನಿಯಮಕ್ಕೆ ವಿರುದ್ಧವೆಂದು ನಾನು ಉತ್ತರ ಬರೆಯಬೇಕಾಯಿತು.

ವಿರೋಧ: ನಲ್ಲಿಯ ತಿರುಪು ಯಾರ ಕೈಯಲ್ಲಿ?

ಲೈಬೀರಿಯದ ಆ ಕಥೆಯನ್ನು ನಾನೂ ತರಗತಿಯಲ್ಲಿ ಹೇಳುತ್ತೇನೆ, ಉಳಿದರ್ಧವನ್ನೂ ಸೇರಿಸಿ ಹೇಳುತ್ತೇನೆ. ಹಳೆಯ ಲೇಖನಗಳನ್ನು ಬೆಳಕಿಗೆ ತಂದ ಅಧಿಕಾರಿಗಳೇ ಬರೆದಿರುವಂತೆ ಅವುಗಳಲ್ಲಿ ಒಂದರಲ್ಲೂ ಲೈಬೀರಿಯದ ಸಹಲೇಖಕರಿರಲಿಲ್ಲ. ಸಂಶೋಧಕರು ಬಂದರು, ಮಾದರಿ ತೆಗೆದುಕೊಂಡು ಊರಿಗೆ ಮರಳಿದರು, ಅಲ್ಲಿ ಬರೆದರು. 45 ಡಾಲರ್ ಎಂಬುದು ಕೊನೆಯ ಬೀಗ. ರಕ್ತದ ಸೀಸೆ ವಿಮಾನ ಹತ್ತಿದಾಗಲೇ ಮೊದಲ ಬೀಗ ಬಿದ್ದಿತ್ತು. ಪ್ರಯೋಗಾಲಯವೂ ಅದನ್ನು ನಡೆಸಬಲ್ಲವರೂ ಅಲ್ಲಿ ಇದ್ದಿದ್ದರೆ ಆ ಎಚ್ಚರಿಕೆಯನ್ನು ಯಾವ ಜರ್ನಲ್ಲಿನಿಂದಲೂ ಇಳಿಸಿಕೊಳ್ಳಬೇಕಾಗಿರಲಿಲ್ಲ.

ತೆರಿಗೆಯ ಹಣದಲ್ಲಿ ನಡೆದ ಸಂಶೋಧನೆ ಎಲ್ಲರಿಗೂ ತೆರೆದಿರಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ತಕರಾರು ನೆರವಿನ ಬಗ್ಗೆ. ಕೊಟ್ಟವರು ಕಿತ್ತುಕೊಳ್ಳಬಹುದಾದದ್ದನ್ನು ಮುಕ್ತ ಎಂದು ಹೇಗೆ ಕರೆಯುವುದು?

2011ರ ಜನವರಿಯಲ್ಲಿ ಬಾಂಗ್ಲಾದೇಶದ ಸಂಸ್ಥೆಗಳಿಗೆ ಹಿನಾರಿಯಿಂದ ಒಂದು ಸೂಚನೆ ಬಂತು. 2,500ರಷ್ಟು ಜರ್ನಲ್‌ಗಳು ಇನ್ನು ಸಿಗುವುದಿಲ್ಲ! ಎಲ್ಸೆವಿಯರ್, ಸ್ಪ್ರಿಂಗರ್ ಮೊದಲಾದ ಪ್ರಕಾಶಕರಿಗೆ ಆ ದೇಶದಲ್ಲಿ ಆಗಲೇ ವ್ಯಾಪಾರ ಕುದುರುತ್ತಿತ್ತು. ಕೊಳ್ಳುವವರು ಹುಟ್ಟಿಕೊಂಡ ಕಡೆ ದಾನವೇಕೆ ಎಂಬುದು ಅವರ ಲೆಕ್ಕ. ವೈದ್ಯಕೀಯ ಜರ್ನಲ್‌ಗಳೇ ಛೀಮಾರಿ ಹಾಕಿದ ಮೇಲೆ ಪ್ರಕಾಶಕರು ಹಿಂದೆ ಸರಿದರು. ಆದರೆ ಬಡತನ ಸ್ವಲ್ಪ ಇಳಿದರೆ ಓದು ನಿಲ್ಲುತ್ತದೆ ಎಂಬ ಪಾಠ ಮಾತ್ರ ಉಳಿಯಿತು. 2025ರ ಆರಂಭದಲ್ಲಿ ಅಮೆರಿಕದ ಸರ್ಕಾರ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಹಸಿವಿನ ಮುನ್ಸೂಚನೆ ಕೊಡುತ್ತಿದ್ದ ಜಾಲತಾಣ ರಾತ್ರೋರಾತ್ರಿ ಮುಚ್ಚಿತು, ಹತ್ತಾರು ದೇಶಗಳ ಜನಾರೋಗ್ಯ ಸಮೀಕ್ಷೆ ಅರ್ಧಕ್ಕೆ ನಿಂತಿತು. ಆ ಅಂಕಿಅಂಶಗಳನ್ನೂ ಜಗತ್ತಿನ ಸ್ವತ್ತು ಎಂದೇ ಕರೆಯುತ್ತಿದ್ದೆವು.

ಇನ್ನು ಮುಕ್ತ ಪ್ರಕಟಣೆಯನ್ನು ದೊಡ್ಡ ಪ್ರಕಾಶಕರು ಏನು ಮಾಡಿದ್ದಾರೆ ನೋಡಿ. ಮುಂಚೆ ಓದುಗರಿಂದ ಸುಂಕ ವಸೂಲಿ ಮಾಡುತ್ತಿದ್ದರು, ಈಗ ಲೇಖಕರಿಂದ ಮಾಡುತ್ತಾರೆ. ನೇಚರ್ ಪತ್ರಿಕೆ ತನ್ನಲ್ಲಿ ಒಂದು ಲೇಖನವನ್ನು ಮುಕ್ತವಾಗಿಡಲು 2020ರಲ್ಲಿ ಗೊತ್ತುಮಾಡಿದ ದರ 9,500 ಯೂರೊ, ನಮ್ಮ ಹಣದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು. ಬಡವರಿಗೆ ವಿನಾಯಿತಿ ಇದೆಯೆನ್ನುತ್ತಾರೆ. ಇದೆ, ನಿಮ್ಮ ದೇಶದ ಹೆಸರು ಪಟ್ಟಿಯಲ್ಲಿದ್ದರೆ. ಇಲ್ಲದಿದ್ದರೆ ನನ್ನಂಥವರು ಸಂಪಾದಕರಿಗೆ ಬಡತನದ ಅರ್ಜಿ ಬರೆಯಬೇಕು. ನಾನು ಎರಡು ಸಲ ಬರೆದಿದ್ದೇನೆ. ಅದು ಲೇಖನ ಬರೆಯುವುದಕ್ಕಿಂತ ಕಷ್ಟ.

ನಮ್ಮವರೇ ಕಟ್ಟಿದ್ದು ಕೈತಪ್ಪಿದ್ದೂ ಉಂಟು. ಮುಂಬೈಯ ಮೆಡ್‌ನೋ ಸಂಸ್ಥೆ ನಮ್ಮ ವೈದ್ಯಕೀಯ ಜರ್ನಲ್‌ಗಳನ್ನು ಅಂತರ್ಜಾಲಕ್ಕೆ ಏರಿಸಿ ಪುಕ್ಕಟೆ ಓದಲು ಬಿಟ್ಟಿತು. ಅವುಗಳಲ್ಲಿ ಹಲವು ಲೇಖಕರಿಂದಲೂ ಕಾಸು ಕೇಳುತ್ತಿರಲಿಲ್ಲ. ಅಭಿವೃದ್ಧಿಶೀಲ ದೇಶಗಳ ಸಭೆಗಳಲ್ಲೆಲ್ಲ ಅದೇ ಉದಾಹರಣೆ. 2011ರಲ್ಲಿ ಬಹುರಾಷ್ಟ್ರೀಯ ವೋಲ್ಟರ್ಸ್ ಕ್ಲೂವರ್ ಅದನ್ನು ಕೊಂಡುಕೊಂಡಿತು.

ಬೆಂಗಳೂರಿನ 2006ರ ನವೆಂಬರ್ ಘೋಷಣೆಯನ್ನು ಹೆಮ್ಮೆಯಿಂದ ನೆನೆಯುವವರು 2024ರ ನವೆಂಬರ್ ಅನ್ನೂ ನೆನೆಯಬೇಕು. ಸರ್ಕಾರಿ ಶಿಕ್ಷಣ, ಸಂಶೋಧನಾ ಸಂಸ್ಥೆಗಳ ಪರವಾಗಿ ಜರ್ನಲ್‌ಗಳಿಗೆ ಚಂದಾ ಕಟ್ಟುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಕೇಂದ್ರ ಸಚಿವ ಸಂಪುಟ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿದ ತಿಂಗಳು ಅದು. ಮೂವತ್ತು ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು. ವಿದ್ಯಾರ್ಥಿಗಳಿಗೆ ಅನುಕೂಲವಾಯಿತು, ಅಲ್ಲಗಳೆಯುವುದಿಲ್ಲ. ಆದರೆ ಹದಿನೆಂಟು ವರ್ಷ ನಡೆಸಿದ ಕಾರ್ಯಾಗಾರಗಳು, ಹೊರಡಿಸಿದ ಘೋಷಣೆಗಳು ಸರ್ಕಾರದ ಚೆಕ್ಕಿನ ಮೇಲಿನ ಹೆಸರುಗಳನ್ನು ಬದಲಿಸಲಿಲ್ಲ. ಬದಲಾಗುವುದೂ ಇಲ್ಲ. ನನ್ನ ಬಡ್ತಿಯ ಅರ್ಜಿಯಲ್ಲಿ ಅಂಕ ಸಿಗುವುದು ಆ ಮೂವತ್ತು ಪ್ರಕಾಶಕರ ಜರ್ನಲ್‌ಗಳಿಗೆ, ನಮ್ಮ ವಿಶ್ವವಿದ್ಯಾಲಯದ ಜರ್ನಲ್ಲಿಗೆ ಅಲ್ಲ.

ನಾವು ಘೋಷಣೆ ಹೊರಡಿಸಿದೆವು, ಬ್ರೆಜಿಲ್ ಬಜೆಟ್ ಹೊರಡಿಸಿತು. ಸಾವೊ ಪಾಲೊ ರಾಜ್ಯದ ಸಂಶೋಧನಾ ಪ್ರತಿಷ್ಠಾನ ತನ್ನದೇ ತೆರಿಗೆ ಹಣ ಹಾಕಿ 1998ರಲ್ಲಿ ಸೈಯೆಲೊ ಎಂಬ ಮುಕ್ತ ಜರ್ನಲ್ ಜಾಲವನ್ನು ತೆರೆಯಿತು. ಬುಡಾಪೆಸ್ಟ್‌ನಲ್ಲಿ ಸಭೆ ಸೇರಿದವರು 2002ರಲ್ಲಿ ಓಪನ್ ಆಕ್ಸೆಸ್ ಎಂಬ ಮಾತನ್ನು ಚಾಲ್ತಿಗೆ ತರುವ ನಾಲ್ಕು ವರ್ಷ ಮುಂಚೆ! 2003ರಲ್ಲಿ ಮೆಕ್ಸಿಕೊದ ಒಂದು ಸರ್ಕಾರಿ ವಿಶ್ವವಿದ್ಯಾಲಯ ರೆಡಾಲಿಕ್ ಕಟ್ಟಿತು. ಅಲ್ಲಿನ ಜರ್ನಲ್‌ಗಳು ಪೋರ್ಚುಗೀಸಿನಲ್ಲಿ, ಸ್ಪ್ಯಾನಿಷ್‌ನಲ್ಲಿ ಬರುತ್ತವೆ, ತಮ್ಮ ಊರಿನ ರೋಗ, ಬೆಳೆ, ಮಣ್ಣಿನ ಬಗ್ಗೆ ಬರೆಯುತ್ತವೆ. ರಾಯಚೂರಿನ ಮಣ್ಣಿನ ಬಗ್ಗೆ ಕನ್ನಡದಲ್ಲಿ ಬರೆದ ಸಂಶೋಧನಾ ಲೇಖನಕ್ಕೆ ಯಾವ ದಾನಿ ಹಣ ಕೊಟ್ಟಾರು? ಕೊಡಬೇಕಾದದ್ದು ಅವರಲ್ಲ, ನಾವು.

ತರಬೇತಿಯ ವಿಷಯಕ್ಕೆ ಬರುತ್ತೇನೆ. ನಾನು ಮೊದಲು ಕೆಲಸ ಮಾಡಿದ ಕಾಲೇಜಿನ ಗ್ರಂಥಪಾಲಕರು ವಿದೇಶಿ ನೆರವಿನ ಎರಡು ಕಾರ್ಯಾಗಾರಗಳಿಗೆ ಹೋಗಿ ಬಂದಿದ್ದರು. ಎರಡೂ ಪ್ರಮಾಣಪತ್ರಗಳಿಗೆ ಚೌಕಟ್ಟು ಹಾಕಿಸಿದ್ದರು. ಲೇಖನ ಭಂಡಾರಕ್ಕೆಂದು ಒಂದು ಸರ್ವರ್ ಕೂಡ ಬಂತು. ಅವರಿಗೆ ಸಹಾಯಕರಿರಲಿಲ್ಲ, ಪರೀಕ್ಷಾ ವಿಭಾಗದ ಹೆಚ್ಚುವರಿ ಹೊಣೆಯಿತ್ತು, ಜೊತೆಗೆ ಹಾಸ್ಟೆಲ್ ಉಸ್ತುವಾರಿ. ಹನ್ನೊಂದು ಲೇಖನ ಏರಿಸುವಷ್ಟರಲ್ಲಿ ವರ್ಗವಾಯಿತು. ಆ ಹುದ್ದೆ ಎಷ್ಟೋ ವರ್ಷ ಖಾಲಿಯೇ ಇತ್ತು. ಧೂಳು ಕೂರದಿರಲೆಂದು ಸರ್ವರಿನ ಮೇಲೆ ಜವಾನರು ಒಂದು ಹೂವಿನ ಬಟ್ಟೆ ಹೊದಿಸಿದ್ದರು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ದಿನ ಪ್ರಾಂಶುಪಾಲರು ಆ ಬಟ್ಟೆ ತೆಗೆಸಿ, ಒಗೆಸಿ, ಮತ್ತೆ ಹೊದಿಸಿದರು.