ದೊಡ್ಡ ಚಕ್ರ ಮೆರೆಯಲಿಕ್ಕೆ ಅಲ್ಲ

ಶಿರಸಿ, ಕುಮಟಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹಳೇ ಸೈಕಲ್ಲಿನ ಫೋಟೋ ಒಂದು ಓಡಾಡುತ್ತಿದೆ. ಮುಂದೆ ಎದೆಯೆತ್ತರದ ಚಕ್ರ, ಹಿಂದೆ ಪುಟ್ಟದೊಂದು. 'ಶ್ರೀಮಂತರು ಎತ್ತರದಲ್ಲಿ ಕೂತು ಮೆರೆಯಲಿಕ್ಕೆ ಮಾಡಿದ್ದು' ಎಂದು ಕೆಳಗೆ ಬರೆದಿದ್ದಾರೆ. ಇದು ತಪ್ಪು. ದುಬಾರಿ ಸೈಕಲ್ ಹೌದು, ಆದರೆ ಚಕ್ರ ದೊಡ್ಡದಾಗಿದ್ದಕ್ಕೆ ಕಾರಣವೇ ಬೇರೆ.

ಇದರ ಹೆಸರು ಪೆನ್ನಿ ಫಾರ್ದಿಂಗ್, 1870ರ ದಶಕದ್ದು. ಫೋಟೋ ಸರಿಯಾಗಿ ನೋಡಿ, ಚೈನೇ ಇಲ್ಲ ಅಲ್ವಾ? ಪೆಡಲ್ ನೇರವಾಗಿ ಮುಂದಿನ ಚಕ್ರದ ನಡುವಿಗೇ ಕೂತಿದೆ. ಪೆಡಲ್ ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು. ಜಾಸ್ತಿ ದೂರ ಸಾಗಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕು. 52 ಇಂಚಿನ ಚಕ್ರ ಒಂದು ಸುತ್ತಿಗೆ 4 ಮೀಟರಿಗೂ ಸ್ವಲ್ಪ ಜಾಸ್ತಿ ಹೋಗುತ್ತದೆ. ನಮ್ಮ 28 ಇಂಚಿನ ಚಕ್ರಕ್ಕೆ ಹೀಗೇ ಪೆಡಲ್ ಕೂರಿಸಿದ್ದರೆ ಸುಮಾರು 2.2 ಮೀಟರ್ ಅಷ್ಟೇ. ಸವಾರನ ಕಾಲು ಪೆಡಲಿಗೆ ಎಟುಕಬೇಕಲ್ಲ, ಅದೇ ಚಕ್ರಕ್ಕೆ ಮಿತಿ. ಅಂಗಿ ಹೊಲಿಸುವ ಹಾಗೆ ಕಾಲಿನ ಅಳತೆ ನೋಡಿ ಸೈಕಲ್ ಕೊಳ್ಳುತ್ತಿದ್ದರು. ಎಂಥ ಚಂದದ ಲೆಕ್ಕ!

ಕಷ್ಟವೂ ಇತ್ತು. ಸೀಟು ಹೆಚ್ಚುಕಡಿಮೆ ಚಕ್ರದ ನೆತ್ತಿಯ ಮೇಲೆ. ಕಲ್ಲು ಅಡ್ಡ ಬಂದರೆ ಸವಾರ ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದ. ದೇವಿಮನೆ ಘಾಟ್ ಇಳಿಯುವುದನ್ನು ನೆನೆದರೇ ಭಯವಾಗುತ್ತದೆ. ಅಮೆರಿಕದ 'ಸ್ಟಾರ್' ಸೈಕಲ್ ಇದಕ್ಕೇ ಚಿಕ್ಕ ಚಕ್ರವನ್ನು ಮುಂದೆ ತಂದಿತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯ 'ರೋವರ್' ಬಂತು. ಅದರಲ್ಲಿ ಚೈನ್ ಹಿಂದಿನ ಚಕ್ರ ತಿರುಗಿಸುತ್ತಿತ್ತು, ಪೆಡಲ್ ಒಂದು ಸುತ್ತು ತುಳಿದರೆ ಚಕ್ರ ಒಂದಕ್ಕಿಂತ ಜಾಸ್ತಿ ಸುತ್ತುತ್ತಿತ್ತು. ಆಮೇಲೆ ದೊಡ್ಡ ಚಕ್ರ ಬೇಕಾಗಲಿಲ್ಲ.

ಫೋಟೋ ಕಳಿಸಿ, ಆದರೆ ಕೆಳಗಿನ ಸಾಲು ತೆಗೆದು ಕಳಿಸಿ.